ಪಟ್ಟಿಯಲ್ಲಿ ಹೆಸರಿದೆ, ಕೈಯಲ್ಲಿ ಆದೇಶವಿಲ್ಲ

ಬ್ರಹ್ಮಾವರದಿಂದ ಸ್ವಲ್ಪ ಒಳಗೆ, ಸೀತಾನದಿಯ ಬದಿಯ ಊರೊಂದರ ತಾಯಿಯೊಬ್ಬರು ಆಟಿ ತಿಂಗಳ ಮಳೆಯಲ್ಲಿ ಕೊಡೆ ಮಡಚಿಕೊಂಡು ನಮ್ಮ ಮನೆಯ ಜಗಲಿ ಹತ್ತಿದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಗಳ ಕಾಗದಗಳು. ಮಗಳ ಹೆಸರು ಸರ್ಕಾರಿ ಹುದ್ದೆಯ ಅಂತಿಮ ಆಯ್ಕೆಪಟ್ಟಿಯಲ್ಲಿ ಬಂದು ಹದಿನಾಲ್ಕು ತಿಂಗಳಾಗಿದೆ. ಮೂಲ ದಾಖಲೆಗಳ ಪರಿಶೀಲನೆ ಮುಗಿದಿದೆ. ಜಾತಿ ಪ್ರಮಾಣಪತ್ರದ ಸಿಂಧುತ್ವ ಬಂದಿದೆ. ಪೊಲೀಸ್ ಠಾಣೆಯಿಂದ ಪೂರ್ವಾಪರ ವಿಚಾರಿಸಲು ಬಂದವರು ಇವರ ಮನೆಯಲ್ಲಿ ಚಹಾ ಕುಡಿದು ಹೋಗಿದ್ದಾರೆ. ನೇಮಕಾತಿ ಆದೇಶ ಮಾತ್ರ ಬಂದಿಲ್ಲ. ಹುಡುಗಿ ಖಾಸಗಿ ಶಾಲೆಯ ಕೆಲಸ ಬಿಟ್ಟಾಗಿದೆ. ಊರಿಗೆಲ್ಲ ವಿಷಯ ಹೇಳಿಯಾಗಿದೆ. ಸಂಬಂಧ ಕೇಳಿಕೊಂಡು ಬಂದವರು ‘ಆರ್ಡರ್ ಬಂತಾ’ ಎಂದು ಕೇಳಿ ಹಿಂದೆ ಸರಿದದ್ದೂ ಆಗಿದೆ. ಇಲಾಖೆಗೆ ಫೋನ್ ಮಾಡಿದರೆ ಪ್ರತಿ ಸಲವೂ ಒಂದೇ ಉತ್ತರ: ‘ಪ್ರಕ್ರಿಯೆಯಲ್ಲಿದೆ’.

ನಾನು ಕಾನೂನು ಓದಿದವನು ಎಂಬ ಕಾರಣಕ್ಕೆ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಪಾಸಾದ ಮೇಲೆ ಕೆಲಸ ಕೊಡಲೇಬೇಕಲ್ಲ?’

ಪುಸ್ತಕದ ಉತ್ತರ ‘ಇಲ್ಲ’ ಎಂಬುದೇ. ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹುದ್ದೆಯ ಮೇಲೆ ಹಕ್ಕು ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಐವತ್ತು ವರ್ಷಗಳಿಂದ ಹೇಳುತ್ತ ಬಂದಿದೆ. ಆದರೆ ಅದು ಅರ್ಧ ವಾಕ್ಯ. ಅದೇ ತೀರ್ಪುಗಳಲ್ಲಿ, ಅದೇ ಪುಟಗಳಲ್ಲಿ ಇನ್ನರ್ಧವೂ ಇದೆ. ಅದನ್ನು ಕಚೇರಿಗಳು ಹೇಳುವುದಿಲ್ಲ, ಅಭ್ಯರ್ಥಿಗಳಿಗೆ ಗೊತ್ತಾಗುವುದಿಲ್ಲ. ಈ ಲೇಖನ ಬರೆಯುತ್ತಿರುವುದು ಆ ಇನ್ನರ್ಧಕ್ಕಾಗಿ.

ಮೊದಲು ‘ಇಲ್ಲ’ ಎಲ್ಲಿಂದ ಬಂತು ನೋಡೋಣ. ಹರಿಯಾಣ ಸರ್ಕಾರ ಕೆಳಹಂತದ ನ್ಯಾಯಾಧೀಶರ 15 ಹುದ್ದೆಗಳಿಗೆ ಪರೀಕ್ಷೆ ನಡೆಸಿತ್ತು. ನಿಯಮದ ಪ್ರಕಾರ ಕನಿಷ್ಠ ಅಂಕ ಶೇ 45. ಅದನ್ನು ದಾಟಿದವರು 40 ಮಂದಿ. ಸರ್ಕಾರ ನೇಮಿಸಿದ್ದು ಮೊದಲ 7 ಮಂದಿಯನ್ನು ಮಾತ್ರ. ಶೇ 55ಕ್ಕಿಂತ ಕಡಿಮೆ ಪಡೆದವರನ್ನು ನ್ಯಾಯಪೀಠದಲ್ಲಿ ಕೂರಿಸುವುದು ಬೇಡವೆಂಬುದು ಹೈಕೋರ್ಟಿನ ಅಭಿಪ್ರಾಯವಾಗಿತ್ತು. ಎಂಟನೆಯ ಸ್ಥಾನದಲ್ಲಿದ್ದವರು ಮತ್ತು ಅವರ ಹಿಂದಿನ ಕೆಲವರು ನ್ಯಾಯಾಲಯಕ್ಕೆ ಹೋದರು. 15 ಹುದ್ದೆ ಖಾಲಿ ಇದೆ, ನಾವು ಆ ಹದಿನೈದರೊಳಗೆ ಇದ್ದೇವೆ, ಇನ್ನೇನು ಬೇಕು ಎಂಬುದು ಅವರ ವಾದ. 1973ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಹುದ್ದೆ ಖಾಲಿ ಇರುವುದು ಬೇರೆ, ಅದನ್ನು ತುಂಬಲೇಬೇಕೆಂಬ ಕಟ್ಟುಪಾಡು ಬೇರೆ ಎಂದಿತು. ಪಟ್ಟಿ ಇರುವುದು ಯಾರು ಅರ್ಹರು, ಯಾರು ಮುಂದೆ ಯಾರು ಹಿಂದೆ ಎಂದು ತಿಳಿಸಲು. ಪಟ್ಟಿಯ ಕ್ರಮ ಮುರಿದು ಹಿಂದಿನವರನ್ನು ನೇಮಿಸಿದ್ದರೆ ಅದು ತಪ್ಪಾಗುತ್ತಿತ್ತು. ಏಳಕ್ಕೆ ನಿಲ್ಲಿಸಿದ್ದು ತಪ್ಪಲ್ಲ.

ಅದಾದ ಹದಿನೆಂಟು ವರ್ಷಗಳ ಬಳಿಕ, 1991ರಲ್ಲಿ, ಶಂಕರಸನ್ ದಾಶ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಇದನ್ನು ಗಟ್ಟಿ ಮಾಡಿತು. 1977ರ ನಾಗರಿಕ ಸೇವಾ ಪರೀಕ್ಷೆ ಬರೆದು ದೆಹಲಿ, ಅಂಡಮಾನ್ ಮತ್ತು ನಿಕೋಬಾರ್ ಪೊಲೀಸ್ ಸೇವೆಗೆ ಸೇರಿದ್ದ ಅಧಿಕಾರಿಯೊಬ್ಬರು, ಐಪಿಎಸ್‌ಗೆ ಆಯ್ಕೆಯಾದ ಕೆಲವರು ಬರದೆ ಉಳಿದ ಜಾಗಗಳಿಗೆ ತನ್ನನ್ನು ಏರಿಸಬೇಕಿತ್ತು ಎಂದು ಕೇಳಿದ್ದರು. ಪೀಠ ಅವರ ಬೇಡಿಕೆಯನ್ನು ತಳ್ಳಿಹಾಕಿತು. ಅಧಿಸೂಚನೆ ಎಂದರೆ ಅರ್ಜಿ ಹಾಕಿ ಎಂಬ ಕರೆ, ಕೆಲಸ ಕೊಡುತ್ತೇವೆ ಎಂಬ ವಾಗ್ದಾನವಲ್ಲ. ಆಯ್ಕೆಯಾದವರಿಗೆ ಕಸಿಯಲಾಗದ ಹಕ್ಕು ಬರುವುದಿಲ್ಲ. ನಿಯಮದಲ್ಲಿ ಹಾಗೆಂದು ಬರೆದಿಲ್ಲದಿದ್ದರೆ ಎಲ್ಲ ಹುದ್ದೆಗಳನ್ನಾಗಲಿ ಕೆಲವನ್ನಾಗಲಿ ತುಂಬುವ ಬಾಧ್ಯತೆ ಸರ್ಕಾರಕ್ಕೆ ಇಲ್ಲ ಎಂದಿತು.

ಸರ್ಕಾರಿ ವಕೀಲರು ಓದಿ ಹೇಳುವುದು ಇಲ್ಲಿಯವರೆಗೆ. ಮುಂದಿನ ಸಾಲುಗಳಲ್ಲಿ ಪೀಠ ತಾನೇ ತಡೆ ಹಾಕಿದೆ. ಹಕ್ಕಿಲ್ಲವೆಂದ ಮಾತ್ರಕ್ಕೆ ಸರ್ಕಾರ ಮನಬಂದಂತೆ ನಡೆಯಬಹುದು ಎಂದರ್ಥವಲ್ಲ. ತುಂಬದಿರುವ ತೀರ್ಮಾನ ಪ್ರಾಮಾಣಿಕವಾಗಿರಬೇಕು, ಅದಕ್ಕೆ ಸರಿಯಾದ ಕಾರಣ ಇರಬೇಕು. ತುಂಬುವುದಾದರೆ ಪಟ್ಟಿಯ ಅರ್ಹತಾಕ್ರಮವನ್ನು ಮೀರುವಂತಿಲ್ಲ.

ನಮ್ಮ ಕಡೆಯ ಮದುವೆ ಮಾತುಕತೆಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಅಧಿಸೂಚನೆ ಎಂದರೆ ಹೆಣ್ಣು ನೋಡಲು ಬನ್ನಿ ಎಂಬ ಕರೆ. ಆಯ್ಕೆಪಟ್ಟಿ ನಿಶ್ಚಿತಾರ್ಥ, ವೀಳ್ಯ ಬದಲಾಗಿದೆ, ನಾಲ್ಕು ಜನರ ಮುಂದೆ ಹೆಸರು ಹೇಳಿಯಾಗಿದೆ. ನೇಮಕಾತಿ ಆದೇಶ ಧಾರೆ. ಧಾರೆ ಎರೆಯದೆ ಮದುವೆಯಾಯಿತು ಎನ್ನುವಂತಿಲ್ಲ, ಅದು ನಿಜ. ಆದರೆ ವೀಳ್ಯ ಬದಲಾದ ಮೇಲೆ ಮೌನವಾಗಿ ಬಾಗಿಲು ಹಾಕಿಕೊಂಡ ಮನೆಯನ್ನು ನಮ್ಮ ಊರು ಸುಮ್ಮನೆ ಬಿಡುತ್ತದೆಯೇ? ಕಾರಣ ಹೇಳು ಎಂದು ಹಿರಿಯರು ಹೋಗಿ ಕೂರುತ್ತಾರೆ. ನ್ಯಾಯಾಲಯ ಹೇಳುತ್ತಿರುವುದೂ ಅದನ್ನೇ. ಹುದ್ದೆ ಕೇಳುವ ಹಕ್ಕು ನಿನಗಿಲ್ಲದಿರಬಹುದು, ಕಾರಣ ಕೇಳುವ ಹಕ್ಕು ಇದೆ. ಸಮಾನತೆಯನ್ನೂ ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶವನ್ನೂ ಕೊಡುವ ಸಂವಿಧಾನದ 14 ಮತ್ತು 16ನೇ ವಿಧಿಗಳು ನಿಂತಿರುವುದು ಈ ಎರಡನೆಯ ಹಕ್ಕಿನ ಬೆನ್ನಿಗೆ.

ಈ ಎರಡನೆಯ ಹಕ್ಕನ್ನು ಬಲಪಡಿಸುವ ತೀರ್ಪುಗಳು ಒಂದೆರಡಲ್ಲ. ಜಮ್ಮು ಮತ್ತು ಕಾಶ್ಮೀರದಲ್ಲಿ ಮುನ್ಸಿಫ್ (ಕೆಳಹಂತದ ನ್ಯಾಯಾಧೀಶ) ಹುದ್ದೆಗೆ ಲೋಕಸೇವಾ ಆಯೋಗ ಕಳುಹಿಸಿದ 20 ಹೆಸರುಗಳಲ್ಲಿ ಸರ್ಕಾರ 13ನ್ನು ಮಾತ್ರ ಒಪ್ಪಿ ಉಳಿದದ್ದನ್ನು ಬಿಟ್ಟಾಗ, ಆಶಾ ಕೌಲ್ ಪ್ರಕರಣದಲ್ಲಿ (1993) ಸುಪ್ರೀಂ ಕೋರ್ಟ್ ಅದನ್ನು ಮೆಚ್ಚಲಿಲ್ಲ. ಆಯೋಗದ ಪಟ್ಟಿಯಲ್ಲಿ ಬೇಕಾದವರನ್ನು ಹೆಕ್ಕುವ ಅಧಿಕಾರ ಸರ್ಕಾರಕ್ಕೆ ಇಲ್ಲ ಎಂದಿತು. ಆರ್.ಎಸ್. ಮಿತ್ತಲ್ ಪ್ರಕರಣದಲ್ಲಿ ಇನ್ನೂ ಸ್ಪಷ್ಟವಾಗಿ, ಆಯ್ಕೆಯಾದವನನ್ನು ನೇಮಿಸದಿರಲು ಸಮರ್ಥಿಸಬಲ್ಲ ಕಾರಣ ಬೇಕು, ನೇಮಕಾತಿ ಪ್ರಾಧಿಕಾರ ತನ್ನ ಇಚ್ಛೆಯಂತೆ ಪಟ್ಟಿಯನ್ನು ಕಡೆಗಣಿಸುವಂತಿಲ್ಲ ಎಂದು ಹೇಳಿತು. 2010ರಲ್ಲಿ ಈಸ್ಟ್ ಕೋಸ್ಟ್ ರೈಲ್ವೆ ಪ್ರಕರಣದಲ್ಲಿ, ಕಾರಣ ಬರೆಯದೆ ಪರೀಕ್ಷೆ ರದ್ದು ಮಾಡಿದ ಆದೇಶ ಸ್ವೇಚ್ಛೆಯದ್ದು ಎಂದಿತು.

ಇವುಗಳ ಸಾಲಿನಲ್ಲಿ ತೀರಾ ಇತ್ತೀಚಿನದ್ದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, 2024ರ ನವೆಂಬರ್ 7ರ ತೇಜ್ ಪ್ರಕಾಶ್ ಪಾಠಕ್ ತೀರ್ಪು. ಇದೂ ಐವರ ಪೀಠದ್ದು. ರಾಜಸ್ಥಾನ ಹೈಕೋರ್ಟಿನ 13 ಭಾಷಾಂತರಕಾರರ ಹುದ್ದೆಗೆ ಪರೀಕ್ಷೆ ನಡೆದ ಮೇಲೆ, ಶೇ 75 ಅಂಕ ಬಂದವರನ್ನು ಮಾತ್ರ ತೆಗೆದುಕೊಳ್ಳಬೇಕು ಎಂಬ ಹೊಸ ಗೆರೆ ಎಳೆಯಲಾಗಿತ್ತು. ಆ ಗೆರೆ ದಾಟಿದವರು ಮೂವರೇ. ಆಟ ಶುರುವಾದ ಮೇಲೆ ಆಟದ ನಿಯಮ ಬದಲಿಸಬಹುದೇ ಎಂಬುದು ಪ್ರಶ್ನೆ. ನಿಯಮಗಳಲ್ಲಿ ಅಥವಾ ಅಧಿಸೂಚನೆಯಲ್ಲಿಯೇ ಅದಕ್ಕೆ ಅವಕಾಶ ಇಲ್ಲದಿದ್ದರೆ ಅರ್ಹತೆಯ ಮಾನದಂಡವನ್ನು ಮಧ್ಯದಲ್ಲಿ ಬದಲಿಸುವಂತಿಲ್ಲ ಎಂದು ಪೀಠ ಹೇಳಿದ್ದನ್ನು ಪತ್ರಿಕೆಗಳು ದೊಡ್ಡದಾಗಿ ಬರೆದವು. ಅದೇ ತೀರ್ಪಿನ ಇನ್ನೊಂದು ಭಾಗ ಅಷ್ಟು ಸುದ್ದಿಯಾಗಲಿಲ್ಲ. ನೇಮಕಾತಿ ಪ್ರಕ್ರಿಯೆ ಅಧಿಸೂಚನೆಯಿಂದ ಶುರುವಾಗಿ ಹುದ್ದೆ ತುಂಬುವುದರೊಂದಿಗೆ ಮುಗಿಯುತ್ತದೆ ಎಂದು ಪೀಠ ಹೇಳಿದೆ. ಅಂದರೆ ಪಟ್ಟಿ ಪ್ರಕಟಿಸಿದ ದಿನಕ್ಕೆ ಸರ್ಕಾರದ ಹೊಣೆ ಮುಗಿಯಲಿಲ್ಲ. ಪಟ್ಟಿಯಲ್ಲಿರುವವರಿಗೆ ಕಸಿಯಲಾಗದ ಹಕ್ಕಿಲ್ಲ ಎಂಬ ಹಳೆಯ ಮಾತನ್ನು ಉಳಿಸಿಕೊಂಡೇ, ಹುದ್ದೆಗಳು ಇರುವಾಗ ಆಯ್ಕೆಯ ವ್ಯಾಪ್ತಿಯಲ್ಲಿರುವವನಿಗೆ ಸ್ವೇಚ್ಛೆಯಿಂದ ನೇಮಕಾತಿ ನಿರಾಕರಿಸುವಂತಿಲ್ಲ ಎಂದೂ, ಅಂತಹ ನಿರಾಕರಣೆಯನ್ನು ಪ್ರಶ್ನಿಸಿದಾಗ ಸಮರ್ಥಿಸಿಕೊಳ್ಳುವ ಹೊರೆ ಸರ್ಕಾರದ್ದೇ ಎಂದೂ ಹೇಳಿದೆ.

ಹೊರೆ ಯಾರ ತಲೆಯ ಮೇಲೆ ಎಂಬುದು ಸಣ್ಣ ಮಾತಲ್ಲ. ಇಲಾಖೆಯ ಕಡತದಲ್ಲಿ ಏನಿದೆ ಎಂದು ಬ್ರಹ್ಮಾವರದ ಹುಡುಗಿಗೆ ಹೇಗೆ ಗೊತ್ತಾಗಬೇಕು? ಯಾವ ಹಣಕಾಸು ಟಿಪ್ಪಣಿ, ಯಾವ ಸುತ್ತೋಲೆ, ಯಾರ ಸಹಿ ಎಲ್ಲಿ ನಿಂತಿದೆ ಎಂಬುದನ್ನು ಅವಳು ಸಾಬೀತು ಮಾಡಲಾರಳು. ‘ಏಕೆ ಕೊಡಬೇಕು’ ಎಂದು ಅವಳನ್ನು ಕೇಳುವ ಬದಲು ‘ಏಕೆ ಕೊಡಲಿಲ್ಲ’ ಎಂದು ಸರ್ಕಾರವನ್ನು ಕೇಳುವುದೇ ಈಗಿನ ಕಾನೂನು.

ಹಾಗಾದರೆ ಒಪ್ಪತಕ್ಕ ಕಾರಣಗಳು ಯಾವುವು? ಬೊಕ್ಕಸದ ಸ್ಥಿತಿ, ಹುದ್ದೆಯನ್ನೇ ಕೈಬಿಡುವ ನೀತಿ, ಮೀಸಲಾತಿ ಲೆಕ್ಕದಲ್ಲಿ ಆದ ತಪ್ಪು, ನ್ಯಾಯಾಲಯದ ತಡೆಯಾಜ್ಞೆ, ಪರೀಕ್ಷೆಯಲ್ಲಿನ ಅಕ್ರಮ. ಇವು ನಿಜವಾಗಿದ್ದರೆ ನಾನೂ ಒಪ್ಪುತ್ತೇನೆ. ಸರ್ಕಾರಿ ಹುದ್ದೆ ಅಭ್ಯರ್ಥಿಯ ಆಸ್ತಿಯಲ್ಲ. ಅದಕ್ಕೆ ಸಂಬಳ ಕೊಡುವವರು ಮೀನು ಮಾರುವವರಿಂದ ಬೀಡಿ ಕಟ್ಟುವವರವರೆಗಿನ ಎಲ್ಲರೂ. ಬೇಡದ ಹುದ್ದೆಯನ್ನು ಪರೀಕ್ಷೆ ನಡೆದಿದೆ ಎಂಬ ಒಂದೇ ಕಾರಣಕ್ಕೆ ತುಂಬು ಎನ್ನಲು ಬರುವುದಿಲ್ಲ.

ನನ್ನ ತಕರಾರು ಇರುವುದು ಬೇರೆಡೆ. ಹುದ್ದೆ ಬೇಡವಾಗಿದೆ ಎನ್ನುವ ಕಚೇರಿಗೆ ಹೋಗಿ ನೋಡಿದರೆ ಅದೇ ಮೇಜಿನ ಹಿಂದೆ ಹೊರಗುತ್ತಿಗೆಯವರು ಕೂತಿರುತ್ತಾರೆ. ಕಾಲೇಜಿನಲ್ಲಿ ಆ ಪಾಠವನ್ನು ಅತಿಥಿ ಉಪನ್ಯಾಸಕರು ಮಾಡುತ್ತಿರುತ್ತಾರೆ, ಶಾಲೆಯಲ್ಲಿ ಅತಿಥಿ ಶಿಕ್ಷಕರು. ಖಾಲಿ ಇರುವುದು ಹುದ್ದೆ, ಕೆಲಸ ಖಾಲಿ ಇಲ್ಲ. ಕಡಿಮೆ ಹಣಕ್ಕೆ, ರಜೆ ಪಿಂಚಣಿಗಳಿಲ್ಲದೆ ಅದೇ ಕೆಲಸವನ್ನು ಇನ್ನೊಬ್ಬರಿಂದ ಮಾಡಿಸಿಕೊಳ್ಳುತ್ತ, ಆಯ್ಕೆಯಾದವರಿಗೆ ‘ಹುದ್ದೆ ತುಂಬುವ ಬಾಧ್ಯತೆ ನಮಗಿಲ್ಲ’ ಎನ್ನುವುದು 1991ರ ತೀರ್ಪಿನ ದುರ್ಬಳಕೆ. ಆ ಗುತ್ತಿಗೆಯವರಿಗಾದರೂ ನ್ಯಾಯ ಸಿಗುತ್ತದೆಯೇ ಎಂದರೆ ಅದೂ ಇಲ್ಲ. ನಮ್ಮ ರಾಜ್ಯದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ (2006) ಸಂವಿಧಾನ ಪೀಠ, ಹಿಂಬಾಗಿಲಿನಿಂದ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ, ನೇಮಕಾತಿ ಮುಂಬಾಗಿಲಿನಿಂದಲೇ ಆಗಬೇಕು ಎಂದಿತು. ಸರಿಯಾದ ಮಾತು. ಆದರೆ ಮುಂಬಾಗಿಲಿನಲ್ಲಿ ಪರೀಕ್ಷೆ ಬರೆದು ನಿಂತವರಿಗೆ ಬಾಗಿಲು ತೆರೆಯದಿದ್ದರೆ ಆ ತೀರ್ಪಿನ ಆಶಯ ಎಲ್ಲಿ ಉಳಿಯಿತು? 2024ರ ಡಿಸೆಂಬರ್‌ನ ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಸರ್ಕಾರಗಳು ಉಮಾದೇವಿ ತೀರ್ಪನ್ನು ದುಡಿಯುವವರ ವಿರುದ್ಧ ಆಯುಧದಂತೆ ಬಳಸುತ್ತಿರುವುದನ್ನು ಟೀಕಿಸಿತು. ಒಂದು ತೀರ್ಪು ತೋರಿಸಿ ಗುತ್ತಿಗೆಯವರನ್ನು ಹೊರಗಿಡುವುದು, ಇನ್ನೊಂದು ತೋರಿಸಿ ಆಯ್ಕೆಯಾದವರನ್ನು ಹೊರಗಿಡುವುದು. ಇಬ್ಬರ ನಡುವೆ ಅಗ್ಗದಲ್ಲಿ ಕೆಲಸ ಸಾಗುತ್ತಿರುತ್ತದೆ.

ಅಕ್ರಮದ ಕಾರಣ ಇನ್ನೂ ಕಠಿಣವಾದದ್ದು, ಇಲ್ಲಿ ಸುಲಭದ ಉತ್ತರ ನನ್ನ ಬಳಿಯೂ ಇಲ್ಲ. ನಮ್ಮ ರಾಜ್ಯದ 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು; ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಬರೆದರು. 2022ರ ಜನವರಿಯಲ್ಲಿ ಪಟ್ಟಿ ಬಂತು. ಬಳಿಕ ಉತ್ತರ ಗುರುತಿಸುವ ಒಎಂಆರ್ ಹಾಳೆ ತಿದ್ದಿದ, ಬ್ಲೂಟೂತ್‌ನಲ್ಲಿ ಉತ್ತರ ಕೇಳಿದ ಕತೆ ಕಲಬುರಗಿಯಿಂದ ಹೊರಬಂತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಐಪಿಎಸ್ ಅಧಿಕಾರಿಯನ್ನೇ ಬಂಧಿಸಲಾಯಿತು. ಏಪ್ರಿಲ್ ಕೊನೆಯಲ್ಲಿ ಸರ್ಕಾರ ಇಡೀ ಪರೀಕ್ಷೆಯನ್ನು ರದ್ದು ಮಾಡಿತು. ಪ್ರಾಮಾಣಿಕವಾಗಿ ಬರೆದು ಆಯ್ಕೆಯಾದವರು ಹೈಕೋರ್ಟಿಗೆ ಹೋದರು. ಕಳ್ಳರನ್ನು ಹಿಡಿಯಿರಿ, ನಮ್ಮನ್ನು ಏಕೆ ಹೊರಹಾಕುತ್ತೀರಿ ಎಂಬ ಅವರ ಸಂಕಟ ಸುಳ್ಳಾಗಿರಲಿಲ್ಲ. 2023ರ ನವೆಂಬರ್ 10ರಂದು ಹೈಕೋರ್ಟ್ ಸರ್ಕಾರದ ತೀರ್ಮಾನವನ್ನೇ ಎತ್ತಿ ಹಿಡಿದು, ಸ್ವತಂತ್ರ ಸಂಸ್ಥೆಯಿಂದ ಮರುಪರೀಕ್ಷೆ ನಡೆಸಲು ಹೇಳಿತು. 2024ರ ಜನವರಿ 23ರಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಮರುಪರೀಕ್ಷೆ ನಡೆಸಿತು.

ಇಲ್ಲಿ ನ್ಯಾಯಾಲಯಗಳು ಹಿಡಿಯುವ ಅಳತೆಗೋಲು ಒಂದೇ: ಜೊಳ್ಳನ್ನು ಕಾಳಿನಿಂದ ಬೇರ್ಪಡಿಸಲು ಆಗುತ್ತದೆಯೇ? ಆಗುವುದಾದರೆ ಎಲ್ಲರನ್ನೂ ಹೊರಹಾಕುವುದು ಅನ್ಯಾಯ. ಸಿಬಿಐ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ತಪ್ಪು ಎಣಿಕೆಯಿಂದ ಬಾಧಿತರಾದ 31 ಮಂದಿಯನ್ನು ನಿಖರವಾಗಿ ಗುರುತಿಸಲು ಸಾಧ್ಯವಿದ್ದಾಗ, ಇಡೀ ಪಟ್ಟಿಯನ್ನು ರದ್ದು ಮಾಡಿದ್ದನ್ನು ಸುಪ್ರೀಂ ಕೋರ್ಟ್ 2003ರಲ್ಲಿ ಒಪ್ಪಲಿಲ್ಲ. ಬೇರ್ಪಡಿಸಲು ಆಗದಿದ್ದರೆ ಎಲ್ಲವೂ ಹೋಗುತ್ತದೆ. 2025ರ ಏಪ್ರಿಲ್ 3ರಂದು ಪಶ್ಚಿಮ ಬಂಗಾಳದ 25,753 ಶಿಕ್ಷಕ ಮತ್ತು ಶಿಕ್ಷಕೇತರ ನೇಮಕಾತಿಗಳು ಹೋದದ್ದು ಹಾಗೆ. ಅವರು ಪಟ್ಟಿಯಲ್ಲಿ ಕಾಯುತ್ತಿದ್ದವರಲ್ಲ, ವರ್ಷಗಟ್ಟಲೆ ಸಂಬಳ ಪಡೆದು ಪಾಠ ಮಾಡುತ್ತಿದ್ದವರು. ಮೂಲ ಉತ್ತರ ಹಾಳೆಗಳನ್ನು ಉಳಿಸಿಕೊಂಡಿರಲಿಲ್ಲ; ಆದ್ದರಿಂದ ಯಾರು ಸಾಚಾ ಎಂದು ತೋರಿಸುವ ದಾರಿಯೇ ಮುಚ್ಚಿಹೋಗಿತ್ತು. ಒಬ್ಬ ಪ್ರಾಮಾಣಿಕ ಅಭ್ಯರ್ಥಿಯ ಬದುಕು ಅವನ ಓದಿನಷ್ಟೇ, ಇನ್ಯಾರೋ ಕಾಗದ ಜೋಪಾನ ಮಾಡಿದ್ದಾರೆಯೇ ಎಂಬುದರ ಮೇಲೂ ನಿಂತಿದೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ.

ನಮ್ಮದೇ ಕರ್ನಾಟಕ ಲೋಕಸೇವಾ ಆಯೋಗದ (ಕೆಪಿಎಸ್‌ಸಿ) 2011ರ ತಂಡದ ಕತೆಯನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳು. ಸಂದರ್ಶನದಲ್ಲಿ ಹಣ, ಪ್ರಭಾವ ಕೆಲಸ ಮಾಡಿದೆ ಎಂಬ ಆರೋಪ, ಸಿಐಡಿ ತನಿಖೆ. 2014ರಲ್ಲಿ ಪಟ್ಟಿ ಬಂದ ಕೆಲವೇ ತಿಂಗಳಲ್ಲಿ ಸರ್ಕಾರ ಆಯ್ಕೆಯನ್ನು ರದ್ದು ಮಾಡಿತು. 2016ರಲ್ಲಿ, ಸರ್ಕಾರಿ ನೌಕರಿಯ ವ್ಯಾಜ್ಯಗಳನ್ನು ನೋಡುವ ಕರ್ನಾಟಕ ಆಡಳಿತ ನ್ಯಾಯಮಂಡಳಿ ನೇಮಕಾತಿ ಕೊಡಿ ಎಂದಿತು. 2018ರಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲಿಲ್ಲ. ಅಲ್ಲಿಗೆ ಮುಗಿಯಿತು ಎಂದುಕೊಂಡರೆ, 2022ರಲ್ಲಿ ವಿಧಾನಮಂಡಲ ಆ ಒಂದು ತಂಡಕ್ಕಾಗಿಯೇ ಕಾಯ್ದೆ ಮಾಡಿ ಆಯ್ಕೆಯನ್ನು ಊರ್ಜಿತಗೊಳಿಸಿತು. ಅಧಿಸೂಚನೆಯಿಂದ ಲೆಕ್ಕ ಹಾಕಿದರೆ ಹನ್ನೊಂದನೆಯ ವರ್ಷ. ಇಪ್ಪತ್ತೈದರಲ್ಲಿ ಅರ್ಜಿ ಹಾಕಿದವರು ಮೂವತ್ತಾರಕ್ಕೆ ಅಧಿಕಾರಿಯಾಗುವ ಲೆಕ್ಕ ಇದು. ಇದರಿಂದ ಯಾರಿಗೆ ನ್ಯಾಯ ಸಿಕ್ಕಿತು ಎಂದು ನನಗೆ ಇಂದಿಗೂ ತಿಳಿದಿಲ್ಲ. ಓದಿ ಪಾಸಾದವರ ಹನ್ನೊಂದು ವರ್ಷ ಮರಳಿ ಬರಲಿಲ್ಲ. ಆರೋಪ ಹೊತ್ತ ಆಯ್ಕೆ ಯಾವುದು, ಶುದ್ಧವಾದದ್ದು ಯಾವುದು ಎಂದು ಬೇರ್ಪಡಿಸುವ ಕೆಲಸ ಆಗಲೇ ಇಲ್ಲ; ಮೊದಲು ಎಲ್ಲರನ್ನೂ ಒಟ್ಟಿಗೆ ಹೊರಗಿಟ್ಟರು, ಬಳಿಕ ಎಲ್ಲರನ್ನೂ ಒಟ್ಟಿಗೆ ಒಳಗೆ ಬಿಟ್ಟರು. ಬೇರ್ಪಡಿಸುವ ಶ್ರಮವನ್ನು 2014ರಲ್ಲೇ ಪಟ್ಟಿದ್ದರೆ ಈ ಎರಡೂ ಬೇಕಿರಲಿಲ್ಲ.

ಇನ್ನು ಅಭ್ಯರ್ಥಿಯದ್ದೂ ಅಲ್ಲದ, ವಂಚಕರದ್ದೂ ಅಲ್ಲದ ತಡೆಗಳು. 2022ರಲ್ಲಿ ಕರೆದ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ, ಮದುವೆಯಾದ ಹೆಣ್ಣುಮಕ್ಕಳು ತಂದೆಯ ಜಾತಿ ಆದಾಯ ಪ್ರಮಾಣಪತ್ರ ಕೊಡಬೇಕೋ ಗಂಡನದ್ದೋ ಎಂಬ ಜಗಳದಲ್ಲಿ ಸಿಕ್ಕಿಬಿದ್ದು 2023ರ ಕೊನೆಯ ಹೊತ್ತಿಗೆ ದಾರಿ ಕಂಡಿತು. ಅಧಿಸೂಚನೆಯಲ್ಲಿ ಒಂದು ಸಾಲು ಸ್ಪಷ್ಟವಾಗಿ ಬರೆದಿದ್ದರೆ ಮುಗಿಯುತ್ತಿತ್ತು. 2024ರ ಅಕ್ಟೋಬರ್ 28ರಂದು ಸಚಿವ ಸಂಪುಟ ಒಳಮೀಸಲಾತಿ (ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಒಳಗುಂಪುಗಳಿಗೆ ಹಂಚುವುದು) ವರದಿ ಬರುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸದಿರಲು ತೀರ್ಮಾನಿಸಿತು. ಒಳಮೀಸಲಾತಿ ದಶಕಗಳ ನ್ಯಾಯವಾದ ಬೇಡಿಕೆ, ಅದಕ್ಕೆ ಸಮಯ ಬೇಕಿತ್ತು. ಆದರೆ ಕಾಯುವವರ ವಯಸ್ಸು ನಿಲ್ಲುವುದಿಲ್ಲ. ವಯೋಮಿತಿ ಮೀರುವ ಭಯದಲ್ಲಿ 2025ರಲ್ಲಿ ಧಾರವಾಡದ ಬೀದಿಗಿಳಿದವರ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ.

ಕರಾವಳಿಯಲ್ಲಿ ಅಂತಹ ಮೆರವಣಿಗೆ ನಡೆಯಲಿಲ್ಲ. ಅದಕ್ಕೆ ಚರಿತ್ರೆಯ ಕಾರಣ ಇದೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ನಾಟಕ ಬ್ಯಾಂಕ್‌ಗಳು 1906ರಿಂದ 1931ರ ನಡುವೆ ಹುಟ್ಟಿದ ಈ ನೆಲದಲ್ಲಿ ಒಳ್ಳೆಯ ಕೆಲಸ ಎಂದರೆ ಬ್ಯಾಂಕಿನ ಕೆಲಸ ಎಂದಾಗಿತ್ತು. ಅದಿಲ್ಲದಿದ್ದರೆ ಮುಂಬಯಿ, ಅದೂ ಇಲ್ಲದಿದ್ದರೆ ಕೊಲ್ಲಿ. ಸರ್ಕಾರಿ ಕಚೇರಿಯ ಗುಮಾಸ್ತಗಿರಿಗೆ ನಮ್ಮವರು ಮನಸ್ಸು ಮಾಡಿದ್ದು ಕಡಿಮೆ. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್‌ಗಳು ವಿಲೀನವಾಗಿ ಹೆಸರೇ ಅಳಿಸಿಹೋದ ಮೇಲೆ ಬಾವುಟಗುಡ್ಡೆಯ ಗ್ರಂಥಾಲಯದಲ್ಲಿ ಕೆಪಿಎಸ್‌ಸಿ ಪುಸ್ತಕ ಹಿಡಿದು ಕೂತ ಮಂಗಳೂರಿನ ಮಕ್ಕಳನ್ನು ನಾನು ಹೆಚ್ಚೆಚ್ಚು ಕಾಣುತ್ತಿದ್ದೇನೆ. ಅವರ ಮನೆಗಳಲ್ಲಿ ಈ ದಾರಿಯ ಅನುಭವ ಇದ್ದವರಿಲ್ಲ. ಆಯ್ಕೆಪಟ್ಟಿ ಬಂದರೆ ಕೆಲಸ ಬಂದಂತೆಯೇ ಎಂದು ನಂಬಿ ಇದ್ದ ಕೆಲಸ ಬಿಟ್ಟವರಿದ್ದಾರೆ. ಆದೇಶ ಕೈಗೆ ಬರುವವರೆಗೆ ಇದ್ದ ಕೆಲಸ ಬಿಡಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೇಳಲು ಸಣ್ಣದಾದರೂ ಇದಕ್ಕಿಂತ ಉಪಯುಕ್ತವಾದ ಕಾನೂನು ಸಲಹೆ ನನ್ನಲ್ಲಿಲ್ಲ.

ಕೇರಳದ ಗಡಿಯ ತಲಪಾಡಿ ದಾಟಿದರೆ ವ್ಯವಸ್ಥೆಯೇ ಬೇರೆ. ಕೇರಳದ ಲೋಕಸೇವಾ ಆಯೋಗದ ರ್‍ಯಾಂಕ್ ಪಟ್ಟಿಗೆ ಆಯುಸ್ಸು ಇದೆ, ಹೆಚ್ಚೆಂದರೆ ಮೂರು ವರ್ಷ. ಆ ಅವಧಿಯಲ್ಲಿ ಖಾಲಿಯಾದ ಹುದ್ದೆಗಳಿಗೆ ಅದೇ ಪಟ್ಟಿಯಿಂದ ಕ್ರಮವಾಗಿ ಹೆಸರು ಹೋಗುತ್ತದೆ. ಕಾಸರಗೋಡಿನ ಕನ್ನಡಿಗರನ್ನು ಕೇಳಿದರೆ ‘ಅಡ್ವೈಸ್ ಬಂತು’ (ಆಯೋಗ ನೇಮಕಾತಿಗೆ ಹೆಸರು ಕಳುಹಿಸಿತು) ಎಂಬ ಮಾತಿನ ತೂಕ ಗೊತ್ತಾಗುತ್ತದೆ. ಅಲ್ಲಿಯೂ ನೋವಿಲ್ಲ ಎಂದಲ್ಲ. 2021ರಲ್ಲಿ ಪಟ್ಟಿಯ ಅವಧಿ ಮುಗಿಯುತ್ತ ಬಂದಾಗ ರ್‍ಯಾಂಕ್ ಬಂದವರು ತಿರುವನಂತಪುರದ ಸಚಿವಾಲಯದ ಮುಂದೆ ವಾರಗಟ್ಟಲೆ ಕೂತಿದ್ದರು. ಆದರೂ ಒಂದು ವ್ಯತ್ಯಾಸವಿದೆ: ಪಟ್ಟಿ ಎಂದು ಸಾಯುತ್ತದೆ ಎಂದು ಅಲ್ಲಿಯ ಅಭ್ಯರ್ಥಿಗೆ ಗೊತ್ತಿರುತ್ತದೆ. ನಮ್ಮಲ್ಲಿ ‘ಪ್ರಕ್ರಿಯೆಯಲ್ಲಿದೆ’ ಎಂಬುದಕ್ಕೆ ಕೊನೆಯ ದಿನಾಂಕವಿಲ್ಲ. ಪಟ್ಟಿ ಪ್ರಕಟವಾದ ಇಂತಿಷ್ಟು ತಿಂಗಳೊಳಗೆ ನೇಮಕಾತಿ ಆದೇಶ ಕೊಡಬೇಕು, ಇಲ್ಲವೇ ಕಾರಣ ಬರೆದ ಆದೇಶವನ್ನು ಅಭ್ಯರ್ಥಿಯ ಕೈಗೆ ಕೊಡಬೇಕು ಎಂಬ ಒಂದು ನಿಯಮವನ್ನು ಸರ್ಕಾರಿ ಸೇವೆಯ ನೇಮಕಾತಿ ನಿಯಮ ಮಾಡುವ ಅಧಿಕಾರ ಕೊಡುವ ಸಂವಿಧಾನದ 309ನೇ ವಿಧಿಯಡಿ ರಾಜ್ಯ ಸರ್ಕಾರ ತರಬಹುದು. ಅದಕ್ಕೆ ಹಣ ಬೇಕಿಲ್ಲ. ಮನಸ್ಸು ಬೇಕು.

ಅದು ಬರುವವರೆಗೆ ಕಾಯುವವರು ಏನು ಮಾಡಬೇಕು? ರಾಜ್ಯ ಸರ್ಕಾರದ ಹುದ್ದೆಯಾದರೆ ಮೊದಲು ಹೋಗಬೇಕಾದದ್ದು ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ. ನೇರವಾಗಿ ಹೈಕೋರ್ಟಿಗೆ ಹೋಗುವಂತಿಲ್ಲವೆಂದು 1997ರ ಚಂದ್ರಕುಮಾರ್ ತೀರ್ಪು ಹೇಳಿದೆ. ವಿದ್ಯುತ್ ಪೂರೈಸುವ ಮೆಸ್ಕಾಂನಂತಹ ಸರ್ಕಾರಿ ಕಂಪನಿಗಳ ಹುದ್ದೆಯಾದರೆ ಹೈಕೋರ್ಟು, ಕೇಂದ್ರದ ಹುದ್ದೆಯಾದರೆ ಕೇಂದ್ರ ಆಡಳಿತ ನ್ಯಾಯಮಂಡಳಿ. ಕೆಎಟಿಯ ಪೀಠಗಳು ಬೆಂಗಳೂರು, ಬೆಳಗಾವಿ, ಕಲಬುರಗಿಯಲ್ಲಿವೆ, ಕರಾವಳಿಯಲ್ಲಿಲ್ಲ. ಹೈಕೋರ್ಟ್ ಪೀಠಕ್ಕಾಗಿ ಮಂಗಳೂರು ಕೇಳುತ್ತಿರುವುದು ಇಂದು ನಿನ್ನೆಯಿಂದಲ್ಲ. ಉಡುಪಿಯ ಹುಡುಗಿ ಒಂದು ವಿಚಾರಣೆಗೆ ರಾತ್ರಿ ಬಸ್ಸು ಹತ್ತಿ ಶಿರಾಡಿ ಘಾಟಿ ದಾಟಬೇಕು, ಮಳೆಗಾಲದಲ್ಲಿ ಗುಡ್ಡ ಜರಿದರೆ ಅದೂ ಇಲ್ಲ. ಬೆಂಗಳೂರಿನ ವಕೀಲರ ಶುಲ್ಕ, ಎರಡು ದಿನದ ಕೂಲಿ ನಷ್ಟ ಇವೆಲ್ಲ ಸೇರಿದರೆ ಕಾರಣ ಕೇಳುವ ಹಕ್ಕು ಕಾಗದದಲ್ಲಿ ಎಲ್ಲರಿಗೂ ಒಂದೇ ಆದರೂ ಅದರ ಬೆಲೆ ಒಂದೇ ಅಲ್ಲ.

ಸಮಯದ ಲೆಕ್ಕವಂತೂ ಕಠೋರ. ನಿರಾಕರಣೆಯ ಆದೇಶ ಬಂದರೆ ಒಂದು ವರ್ಷದೊಳಗೆ ಕೆಎಟಿಗೆ ಹೋಗಬೇಕು. ಮನವಿ ಕೊಟ್ಟು ಉತ್ತರವೇ ಬರದಿದ್ದರೆ ಆರು ತಿಂಗಳು ಕಾದು, ಅಲ್ಲಿಂದ ಒಂದು ವರ್ಷ. ಮತ್ತೆ ಮತ್ತೆ ಮನವಿ ಕೊಡುತ್ತ ಹೋದರೆ ಅವಧಿ ಮತ್ತೆ ಮತ್ತೆ ಶುರುವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ; 2008ರ ಜೇಕಬ್ ತೀರ್ಪು ಅದನ್ನು ಮುರಿದಿದೆ. ಆಶಾ ಕೌಲ್ ಪ್ರಕರಣದಲ್ಲಿ ಸರ್ಕಾರದ ನಡೆ ತಪ್ಪು ಎಂದ ನ್ಯಾಯಾಲಯವೇ ಅರ್ಜಿದಾರರು ತಡವಾಗಿ ಬಂದರೆಂದು ಪರಿಹಾರ ಕೊಡಲಿಲ್ಲ. ಸಕಾಲದಲ್ಲಿ ಬಂದವರಿಗೆ ಮಾತ್ರ ಬೇರೆ ಮರ್ಯಾದೆ: ಮೊಕದ್ದಮೆ ನಡೆಯುತ್ತಿರುವಾಗ ಪಟ್ಟಿಯ ಅವಧಿ ಮುಗಿಯಿತು ಎಂಬ ನೆಪದಲ್ಲಿ ಹಕ್ಕನ್ನು ಕಸಿಯುವಂತಿಲ್ಲ ಎಂದು 1999ರ ಪುರುಷೋತ್ತಮ್ ಪ್ರಕರಣ ಹೇಳುತ್ತದೆ. ಸ್ನೇಹಿತನೊಬ್ಬ ಮೊಕದ್ದಮೆ ಹೂಡಿದ್ದಾನೆ, ಅವನಿಗೆ ಸಿಕ್ಕರೆ ನಮಗೂ ಸಿಗುತ್ತದೆ ಎಂದು ದಡದಲ್ಲಿ ಕೂತವರನ್ನು ದೋಣಿ ಬಿಟ್ಟು ಹೋದದ್ದೇ ಹೆಚ್ಚು.

ಆ ತಾಯಿಗೆ ಇಷ್ಟನ್ನೆಲ್ಲ ನಾನು ಹೇಳಲಿಲ್ಲ. ಅವರ ಚೀಲದಿಂದ ಪಟ್ಟಿಯ ಪ್ರತಿ, ಸಿಂಧುತ್ವ, ಪರಿಶೀಲನೆಯ ಸ್ವೀಕೃತಿ ತೆಗೆದು ದಿನಾಂಕದ ಕ್ರಮದಲ್ಲಿ ಜೋಡಿಸಿದೆ. ಮಗಳ ಹೆಸರಿನಲ್ಲಿ ಎರಡು ಕಾಗದ ಬರೆದೆವು. ಒಂದು ಇಲಾಖೆಗೆ ಮನವಿ, ನೇಮಕಾತಿ ಕೊಡಿ ಅಥವಾ ಕೊಡದಿರುವ ಕಾರಣವನ್ನು ಲಿಖಿತವಾಗಿ ತಿಳಿಸಿ ಎಂದು. ಇನ್ನೊಂದು ಮಾಹಿತಿ ಹಕ್ಕಿನ ಅರ್ಜಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು. ಅದರಲ್ಲಿ ಕೇಳಿದ್ದು ನಾಲ್ಕು ವಿಷಯ: ಅಧಿಸೂಚಿಸಿದ ಹುದ್ದೆಗಳಲ್ಲಿ ಇಂದಿಗೆ ಎಷ್ಟು ಖಾಲಿ, ಆ ಜಾಗಗಳಲ್ಲಿ ಹೊರಗುತ್ತಿಗೆಯಿಂದ ಎಷ್ಟು ಮಂದಿ ಕೆಲಸ ಮಾಡುತ್ತಿದ್ದಾರೆ, ಪಟ್ಟಿಯಿಂದ ಈವರೆಗೆ ಯಾರಿಗಾದರೂ ಆದೇಶ ಕೊಡಲಾಗಿದೆಯೇ, ತಡೆಹಿಡಿಯಲು ನಿರ್ಧರಿಸಿದ ಟಿಪ್ಪಣಿಯ ಪ್ರತಿ. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಲೆಕ್ಕ ಹಾಕಿದರೆ ಚೌತಿಯ ಹೊತ್ತಿಗೆ. ಮಳೆ ಸ್ವಲ್ಪ ಬಿಟ್ಟಿತ್ತು. ‘ಕಾರಣ ಇಲ್ಲ ಎಂದು ಬರೆದರೆ?’ ಎಂದು ಅವರು ಮೆಟ್ಟಿಲಲ್ಲಿ ನಿಂತು ಕೇಳಿದರು. ಹಾಗೆ ಬರೆದರೆ ಆ ಕಾಗದವನ್ನು ನೀರು ತಾಗದಂತೆ ಇಡಿ, ಬೆಂಗಳೂರಿಗೆ ಹೋಗುವಾಗ ಮೊದಲು ಬೇಕಾಗುವುದು ಅದೇ ಎಂದೆ.